ಸಾದೃಶ್ಯವೂ ನಿಶ್ಚಯವೂ

ದೇವರಿಗೆ ಸಲ್ಲತಕ್ಕ ಪಂಚೋಪಚಾರಗಳಲ್ಲಿ ಮೊದಲನೆಯದು ಗಂಧ. ಮಾನಸಪೂಜೆಯಲ್ಲಿ ಅದನ್ನು ಪೃಥ್ವೀತತ್ತ್ವವೆಂದೇ ಭಾವಿಸಿ ಸಮರ್ಪಿಸುವುದು ಸಂಪ್ರದಾಯ. ನ್ಯಾಯವೈಶೇಷಿಕರೂ ಪಂಚಭೂತಗಳ ಲಕ್ಷಣವನ್ನು ವಿಂಗಡಿಸುವಾಗ ಪೃಥ್ವಿಗೆ ಮಾತ್ರವೇ ಮೀಸಲಾದ ಗುಣವೆಂದು ಎಣಿಸಿದುದು ಗಂಧವನ್ನೇ. ನೀರಿನಲ್ಲಿಯೋ ಗಾಳಿಯಲ್ಲಿಯೋ ವಾಸನೆಯಿರುವಂತೆ ತೋರಿದರೆ ಅದು ಅವುಗಳಲ್ಲಿ ಬೆರೆತು ಬಂದ ಪಾರ್ಥಿವ ಕಣಗಳ ವಾಸನೆಯೇ ಹೊರತು ನೀರಿನ ಅಥವಾ ಗಾಳಿಯ ಸ್ವಭಾವವಲ್ಲವೆಂದು ಅವರ ಸಿದ್ಧಾಂತ. ಇಷ್ಟು ಗೌರವಕ್ಕೆ ಪಾತ್ರವಾದ ಗುಣದ ವಿಷಯದಲ್ಲಿ ನಮ್ಮ ಅರಿವು ಮಾತ್ರ ಬಹಳ ಬಡವಾದುದು. ರೂಪವನ್ನು ಅಳೆದು ಹೇಳಬಹುದು, ನಾದವನ್ನು ಸ್ವರಸ್ಥಾನದಲ್ಲಿ ಹಿಡಿದು ನಿಲ್ಲಿಸಬಹುದು. ಆದರೆ ಒಂದು ಪರಿಮಳವನ್ನು ಮತ್ತೊಬ್ಬರಿಗೆ ತಿಳಿಸಬೇಕಾದರೆ ಮಲ್ಲಿಗೆಯಂತೆ, ಕರ್ಪೂರದಂತೆ, ಹಸಿಮಣ್ಣಿನಂತೆ ಎಂದು ಬೇರೊಂದು ವಸ್ತುವಿನ ಹೆಸರನ್ನು ಎರವಲು ತರದೆ ಗತಿಯಿಲ್ಲ. ಘ್ರಾಣದಿಂದ ಬರುವ ತಿಳಿವಳಿಕೆಯೆಲ್ಲ ಬಹುಮಟ್ಟಿಗೆ ಸಾದೃಶ್ಯದ ತಿಳಿವಳಿಕೆ. ಹಾಗಾದರೆ ‘ಇದು ಅದರಂತಿದೆ’ ಎಂಬ ಅರಿವಿನಿಂದ ‘ಇದು ಅದೇ’ ಎಂಬ ನಿಶ್ಚಯಕ್ಕೆ ನಾವು ದಾಟುವುದು ಯಾವ ಅಧಿಕಾರದಿಂದ? ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ ಈ ಪ್ರಶ್ನೆ ಇಂದು ಗಣಕಯಂತ್ರದ ಮುಂದೆ ಹೊಸ ತೀಕ್ಷ್ಣತೆಯಿಂದ ಎದ್ದು ನಿಂತಿದೆಯೆಂದು ನನಗೆ ತೋರುತ್ತದೆ.

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ನಮ್ಮ ಉಲ್ಲಾಳದ ಸುತ್ತಮುತ್ತಲೇ ಈ ಪ್ರಶ್ನೆಗೆ ಬೇಕಾದ ಸಾಮಗ್ರಿಯೆಲ್ಲವೂ ಇದೆ. ಬೇಸಗೆಯ ಕೊನೆಯಲ್ಲಿ ಮೊದಲ ಮಳೆ ಬಿದ್ದಾಗ ಉಲ್ಲಾಳದ ಕೆರೆಯಂಗಳದಿಂದಲೂ ಬೆಂಗಳೂರು ವಿಶ್ವವಿದ್ಯಾನಿಲಯದ ಆವರಣವಾದ ಜ್ಞಾನಭಾರತಿಯ ವಿಶಾಲವಾದ ಕಾಡುನೆಲದಿಂದಲೂ ಮಣ್ಣಿನ ವಾಸನೆ ಏಳುತ್ತದೆ. ದಕ್ಷಿಣಕ್ಕೆ, ಕೆಂಗೇರಿಯ ಬಳಿ, ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ವೃಷಭಾವತಿ ಇಂದು ನಗರದ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಬೈರಮಂಗಲದ ಕೆರೆಯ ಕಡೆಗೆ ಹರಿಯುತ್ತಾಳೆ. ಅವಳ ದುರ್ಗಂಧವನ್ನು ಮೈಸೂರು ರಸ್ತೆಯಲ್ಲಿ ಸಂಚರಿಸುವವರಲ್ಲಿ ಅರಿಯದವರಿಲ್ಲ. ಉತ್ತರಕ್ಕೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಮೈಸೂರು ಸ್ಯಾಂಡಲ್ ಸೋಪನ್ನು ತಯಾರಿಸುವ ಕಾರ್ಖಾನೆಯಿದೆ. ಅದರ ಸುತ್ತಿನ ಬೀದಿಗಳಲ್ಲಿ ಶ್ರೀಗಂಧದ ಕಂಪು ಸುಳಿಯುವುದುಂಟು. ಮಣ್ಣು, ಕೊಳಚೆ, ಗಂಧ: ಈ ಮೂರನ್ನೂ ನಮ್ಮ ಮೂಗು ಕ್ಷಣಮಾತ್ರದಲ್ಲಿ ಗುರುತಿಸುತ್ತದೆ. ಗುರುತಿಸಿದ್ದು ಏನನ್ನು ಎಂದು ಕೇಳಿದರೆ ಮಾತ್ರ ಅದಕ್ಕೆ ಉತ್ತರವಿಲ್ಲ. ಆ ಉತ್ತರವನ್ನು ಕೊಡಲು ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರ ನಿರ್ಮಿಸಿದ ಸಾಧನವೇ ಗ್ಯಾಸ್ ಕ್ರೊಮಟೋಗ್ರಫಿ.

1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಎಂಬ ಆಂಗ್ಲ ವಿಜ್ಞಾನಿಗಳು ಲೋಕಕ್ಕೆ ತೋರಿಸಿಕೊಟ್ಟ ಈ ವಿಧಾನದ ತತ್ತ್ವ ಸರಳವಾದುದು. ಕೂದಲಿಗಿಂತ ಕೆಲವೇ ಪಟ್ಟು ಅಗಲವಾದ ರಂಧ್ರವುಳ್ಳ, ಸಾಮಾನ್ಯವಾಗಿ ಮೂವತ್ತು ಮೀಟರ್ ಉದ್ದದ, ಸುರುಳಿ ಸುತ್ತಿದ ಸಿಲಿಕಾ ನಳಿಗೆಯೊಳಗೆ ಹೀಲಿಯಮ್ ಅನಿಲವನ್ನು ಹಾಯಿಸಿ, ಅದರೊಡನೆ ಮಿಶ್ರಣದ ಆವಿಯನ್ನು ಸಾಗಿಸುತ್ತಾರೆ. ನಳಿಗೆಯ ಒಳಮೈಗೆ ಬಳಿದ ತೆಳುವಾದ ಲೇಪಕ್ಕೆ ಹೆಚ್ಚು ಅಂಟುವ ಅಣುಗಳು ತಡವಾಗಿಯೂ ಕಡಿಮೆ ಅಂಟುವವು ಬೇಗನೆಯೂ ಹೊರಬೀಳುತ್ತವೆ. ಹೀಗೆ ಕಾಲಕ್ರಮದಲ್ಲಿ ಬೇರ್ಪಟ್ಟು ಬರುವ ಒಂದೊಂದು ವಸ್ತುವೂ ಕಾಗದದ ಮೇಲೆ ಒಂದೊಂದು ಶಿಖರವಾಗಿ ಏಳುತ್ತದೆ. ಪ್ರಯೋಗಾಲಯದವರು ಅದನ್ನು ಪೀಕ್ ಎನ್ನುತ್ತಾರೆ. ನಳಿಗೆಯ ತುದಿಯಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಹೊರಬಂದ ಅಣುವಿಗೆ 70 ಎಲೆಕ್ಟ್ರಾನ್‌ವೋಲ್ಟಿನ ಎಲೆಕ್ಟ್ರಾನುಗಳು ತಗುಲಿ ಅದು ಚೂರುಚೂರಾಗುತ್ತದೆ. ಚೂರುಗಳ ತೂಕವೆಷ್ಟು, ಯಾವ ತೂಕದವು ಎಷ್ಟು ಪ್ರಮಾಣದಲ್ಲಿವೆ ಎಂಬುದರ ಪಟ್ಟಿಯೇ ಆ ವಸ್ತುವಿನ ದ್ರವ್ಯರಾಶಿ ರೋಹಿತ. ಅಣು ಯಾವ ರೀತಿಯಲ್ಲಿ ಕಟ್ಟಲ್ಪಟ್ಟಿದೆಯೋ ಆ ರೀತಿಗೆ ಅನುಗುಣವಾಗಿಯೇ ಒಡೆಯುತ್ತದೆಯಾದುದರಿಂದ, ಒಡೆದ ಚೂರುಗಳು ಕಟ್ಟಿದ ರೀತಿಗೆ ಸಾಕ್ಷಿ ಹೇಳುತ್ತವೆ.

ಮೊದಲ ಮಳೆಯ ಮಣ್ಣಿನ ವಾಸನೆಯನ್ನೇ ಹತ್ತಿರದಿಂದ ನೋಡೋಣ. 1964ರಲ್ಲಿ ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ ಎಂಬವರು ಆ ಪರಿಮಳವನ್ನು ಶಾಸ್ತ್ರೀಯ ಅಧ್ಯಯನದ ವಿಷಯವನ್ನಾಗಿ ಮಾಡಿದರು. ಉತ್ತರ ಭಾರತದ ಕನೌಜಿನಲ್ಲಿ ಒಣಮಣ್ಣಿನಿಂದಲೇ ಅತ್ತರನ್ನು ಬಟ್ಟಿಯಿಳಿಸುವ ಕಲೆ ಅದಕ್ಕೆ ಬಹು ಮುಂಚಿನಿಂದ ಇದ್ದಿತು. ಮರುವರ್ಷ ಅಮೆರಿಕದ ಗರ್ಬರ್ ಮತ್ತು ಲೆಷೆವಾಲಿಯೆ ಆ ವಾಸನೆಯ ಒಂದು ಮುಖ್ಯಾಂಶವನ್ನು ಬೇರ್ಪಡಿಸಿ ಜಿಯೋಸ್ಮಿನ್ ಎಂದು ಹೆಸರಿಟ್ಟರು. ಹನ್ನೆರಡು ಕಾರ್ಬನ್, ಇಪ್ಪತ್ತೆರಡು ಹೈಡ್ರೊಜನ್, ಒಂದು ಆಕ್ಸಿಜನ್ ಪರಮಾಣುಗಳಿಂದಾದ ಈ ಅಣುವಿನ ತೂಕ 182. ಆದರೆ ಅದರ ರೋಹಿತದಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಲ್ಲುವುದು 112 ತೂಕದ ಚೂರು. ಒಂದು ಲೀಟರ್ ನೀರಿನಲ್ಲಿ ಕೆಲವೇ ನ್ಯಾನೋಗ್ರಾಂ ಜಿಯೋಸ್ಮಿನ್ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯಬಲ್ಲದು. ಅದನ್ನು ತಯಾರಿಸುವವು ಮಣ್ಣಿನಲ್ಲಿ ಬದುಕುವ ಸ್ಟ್ರೆಪ್ಟೊಮೈಸಿಸ್ ಮೊದಲಾದ ಸೂಕ್ಷ್ಮಜೀವಿಗಳು. ಪೃಥ್ವಿಯ ಗಂಧವೆಂದು ನಾವು ಭಾವಿಸಿದ್ದು ಪೃಥ್ವಿಯನ್ನು ಆಶ್ರಯಿಸಿದ ಜೀವದ ಗಂಧವೆಂದಾಯಿತು. ಇದರಿಂದ ಪೂರ್ವಿಕರ ಗೌರವಕ್ಕೆ ಕುಂದಿಲ್ಲ. ನೀರಿನಲ್ಲಿ ತೋರುವ ವಾಸನೆ ಅದರಲ್ಲಿ ಬೆರೆತ ಬೇರೊಂದು ದ್ರವ್ಯದ್ದೆಂಬ ಅವರ ಮೂಲದೃಷ್ಟಿ ಪರೀಕ್ಷೆಯಲ್ಲಿ ನಿಂತಿದೆ.

ಇಲ್ಲಿಯವರೆಗೆ ನಡೆದುದು ಪ್ರತ್ಯಕ್ಷದ ಮಾತು. ಶಿಖರ ಕಂಡಿತು, ಚೂರುಗಳ ತೂಕ ಕಂಡಿತು. ಆದರೆ ಚೂರುಗಳ ಪಟ್ಟಿಯ ಮೇಲೆ ವಸ್ತುವಿನ ಹೆಸರು ಬರೆದಿರುವುದಿಲ್ಲ. ಹೆಸರನ್ನು ಕೊಡುವ ಕೆಲಸ ಗಣಕದ್ದು. ಮಣ್ಣಿನ ಅಥವಾ ಎಣ್ಣೆಯ ಒಂದೇ ಮಾದರಿಯಿಂದ ನೂರಾರು ಶಿಖರಗಳು ಏಳುತ್ತವೆ. ಎರಡು ಮೂರು ವಸ್ತುಗಳು ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ಹೊರಬಂದು ಒಂದರ ಚೂರುಗಳು ಇನ್ನೊಂದರ ಚೂರುಗಳೊಡನೆ ಕಲೆತುಹೋಗಿರುತ್ತವೆ. ಯಾವ ಚೂರುಗಳು ಕೂಡಿಯೇ ಏರಿ ಕೂಡಿಯೇ ಇಳಿಯುತ್ತವೆಯೋ ಅವು ಒಂದೇ ಅಣುವಿಗೆ ಸೇರಿದವೆಂಬ ನ್ಯಾಯದಿಂದ ಗಣಕವು ಆ ಕಲಬೆರಕೆಯನ್ನು ಬಿಡಿಸುತ್ತದೆ. ಬಿಡಿಸಿದ ಒಂದೊಂದು ರೋಹಿತವನ್ನೂ ತನ್ನ ಲೈಬ್ರರಿಯಲ್ಲಿರುವ ಲಕ್ಷಾಂತರ ರೋಹಿತಗಳೊಡನೆ ಹೋಲಿಸಿ, ಹೋಲಿಕೆಯ ಮಟ್ಟವನ್ನು ಸೊನ್ನೆಯಿಂದ 999ರ ವರೆಗಿನ ಅಂಕಿಯಲ್ಲಿ ಸೂಚಿಸುತ್ತದೆ. 900ಕ್ಕೆ ಮೇಲ್ಪಟ್ಟರೆ ಉತ್ಕೃಷ್ಟ, 800ಕ್ಕೆ ಮೇಲ್ಪಟ್ಟರೆ ಉತ್ತಮ, 700ಕ್ಕೆ ಮೇಲ್ಪಟ್ಟರೆ ಸಾಧಾರಣ ಎಂದು ಒಂದು ರೂಢಿಯ ಮಾನದಂಡವುಂಟು. ಅಮೆರಿಕ ಸರ್ಕಾರದ ಮಾನಕಸಂಸ್ಥೆಯು ಬೆಳೆಸಿಕೊಂಡು ಬಂದಿರುವ ಲೈಬ್ರರಿಯಲ್ಲಿ ಈಗ ಮೂರು ಲಕ್ಷಕ್ಕೂ ಮಿಕ್ಕ ಸಂಯುಕ್ತಗಳ ರೋಹಿತಗಳಿವೆ.

ಈ ಹಾದಿಯನ್ನು ತೆರೆದವರಲ್ಲಿ ಇಬ್ಬಗೆಯ ಮನೋಧರ್ಮದವರಿದ್ದರು. 1971ರಲ್ಲಿ ಬೀಮನ್ ಮತ್ತು ಅವರ ಸಂಗಡಿಗರೂ, ಅನಂತರ ಕಾರ್ನೆಲ್ಲಿನ ಮ್ಯಾಕ್‌ಲ್ಯಾಫರ್ಟಿಯವರೂ ಹಿಡಿದುದು ಸ್ಮೃತಿಯ ಮಾರ್ಗ: ಹಿಂದೆ ಕಂಡುದನ್ನು ನೆನಪಿನಲ್ಲಿಟ್ಟು ಇಂದಿನದನ್ನು ಅದಕ್ಕೆ ಹೋಲಿಸಿ ನೋಡುವುದು. ಅದಕ್ಕೆ ಮುನ್ನವೇ, 1965ರಲ್ಲಿ, ಸ್ಟ್ಯಾನ್‌ಫರ್ಡಿನ ಲೆಡರ್‌ಬರ್ಗ್, ಫೈಗೆನ್‌ಬಾಮ್, ಜೆರಾಸಿ ಮೊದಲಾದವರು ಡೆಂಡ್ರಲ್ ಎಂಬ ಕ್ರಮವಿಧಿಯನ್ನು ಕೈಗೊಂಡರು. ಅವರದು ಅನುಮಾನದ ಮಾರ್ಗ. ಚೂರುಗಳನ್ನು ಹೇತುವಾಗಿ ಹಿಡಿದು, ಅಂಥ ಚೂರುಗಳು ಉದಿಸಬೇಕಾದರೆ ಅಣು ಹೇಗೆ ಕಟ್ಟಲ್ಪಟ್ಟಿರಬೇಕೆಂದು ತರ್ಕಿಸುವುದು ಅದರ ಉದ್ದೇಶ. ದಿನನಿತ್ಯದ ಕೆಲಸದಲ್ಲಿ ಗೆದ್ದುದು ಮಾತ್ರ ಸ್ಮೃತಿಯ ಮಾರ್ಗವೇ.

ಈ ಹೋಲಿಕೆಯ ಕ್ರಿಯೆಯನ್ನು ನೋಡಿದಾಗಲೆಲ್ಲ ಗೌತಮರ ನ್ಯಾಯಶಾಸ್ತ್ರ ಹೇಳುವ ಉಪಮಾನಪ್ರಮಾಣದ ನೆನಪಾಗದೆ ಇರದು. ಗವಯವೆಂಬ ಕಾಡುಮೃಗವನ್ನು ನೋಡಿಯೇ ಅರಿಯದ ಒಬ್ಬ ಪಟ್ಟಣಿಗನಿಗೆ ವನವಾಸಿಯೊಬ್ಬನು, ಗವಯವು ಹಸುವಿನಂತೆ ಇರುತ್ತದೆಂದು ಹೇಳಿರುತ್ತಾನೆ; ಆ ಮೇಲೆ ಪಟ್ಟಣಿಗನು ಕಾಡಿಗೆ ಹೋಗಿ, ಹಸುವನ್ನು ಹೋಲುವ, ಆದರೆ ಹಸುವಲ್ಲದ ಒಂದು ಪ್ರಾಣಿಯನ್ನು ಕಂಡು, ಹಿಂದೆ ಕೇಳಿದ ಮಾತನ್ನು ಸ್ಮರಿಸಿ, ಗವಯವೆಂಬ ಹೆಸರು ಸಲ್ಲುವುದು ಇದಕ್ಕೆಂದು ತಿಳಿಯುತ್ತಾನೆ. ಇಲ್ಲಿ ಕೂಡಿರುವ ಅಂಗಗಳನ್ನು ಎಣಿಸಿರಿ: ಆಪ್ತನ ವಾಕ್ಯ, ಕಣ್ಣೆದುರಿನ ದರ್ಶನ, ಸಾದೃಶ್ಯದ ಗ್ರಹಣ, ಹೆಸರಿಗೂ ಹೆಸರುಳ್ಳ ವಸ್ತುವಿಗೂ ಇರುವ ಸಂಬಂಧದ ಜ್ಞಾನ. ಗಣಕದ ಶೋಧದಲ್ಲಿಯೂ ಈ ನಾಲ್ಕು ಅಂಗಗಳಿವೆ. ಲೈಬ್ರರಿಯಲ್ಲಿರುವ ರೋಹಿತವು ವನವಾಸಿಯ ವಾಕ್ಯ. ಎಲ್ಲಿಯೋ ಒಬ್ಬ ರಸಾಯನಜ್ಞನು ಶುದ್ಧವಾದ ವಸ್ತುವನ್ನು ಕೈಯಲ್ಲಿ ಹಿಡಿದು, ಅದರ ಚೂರುಗಳನ್ನು ಅಳೆದು, ಇದು ಇಂಥದೆಂದು ನುಡಿದ ಸಾಕ್ಷ್ಯ. ಆದುದರಿಂದ ಗಣಕದ ಉತ್ತರಕ್ಕೆ ಬೆಲೆ ಬರುವುದು ಮೊದಲು ಆ ಆಪ್ತನ ಯೋಗ್ಯತೆಯಿಂದ. ಅವನು ತಾನು ನೋಡಿದ್ದನ್ನೇ ಹೇಳಿರಬೇಕು. ನೋಡುವಾಗ ಅವನ ವಸ್ತು ಶುದ್ಧವಾಗಿದ್ದಿರಬೇಕು. ಈಚಿನ ವರ್ಷಗಳಲ್ಲಿ ಯಾರೂ ಅಳೆಯದ ಅಣುಗಳ ರೋಹಿತಗಳನ್ನು ಗಣಕವೇ ಊಹಿಸಿ ರಚಿಸುವ ವಿಧಾನಗಳು ಬಂದಿವೆ. ಅವುಗಳ ಉಪಯೋಗವನ್ನು ನಾನು ಅಲ್ಲಗಳೆಯೆನು; ಆದರೆ ಗವಯವನ್ನು ತಾನೂ ನೋಡದ ವನವಾಸಿಯ ಮಾತಿಗೆ ಎಷ್ಟು ತೂಕ ಕೊಡಬೇಕೆಂಬ ವಿವೇಚನೆ ಅಲ್ಲಿ ಇಮ್ಮಡಿಯಾಗಿ ಬೇಕಾಗುತ್ತದೆ.

ಉಪಮಾನದ ಬಲವೆಲ್ಲಿದೆಯೋ ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಹಸುವನ್ನು ಹೋಲುವ ಪ್ರಾಣಿ ಕಾಡಿನಲ್ಲಿ ಗವಯವೊಂದೇ ಆಗಿರಬೇಕೆಂಬ ನಿಯಮವಿಲ್ಲ. ಶ್ರೀಗಂಧದ ಎಣ್ಣೆಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಗಂಧದ ಕೊರಡುಗಳ ರಫ್ತು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಎಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ಸಂಕಲ್ಪಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಪ್ರಯೋಗ ನಡೆಸಿದ ಫಲವಾಗಿ ಮೈಸೂರಿನಲ್ಲಿ ಸರ್ಕಾರದ ಗಂಧದೆಣ್ಣೆಯ ಕಾರ್ಖಾನೆ ಕಣ್ತೆರೆಯಿತು. ಆ ಎಣ್ಣೆಯ ಜೀವಾಳವೆಂದರೆ ಆಲ್ಫಾ ಸ್ಯಾಂಟಲಾಲ್, ಬೀಟಾ ಸ್ಯಾಂಟಲಾಲ್ ಎಂಬ ಎರಡು ವಸ್ತುಗಳು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ನಮ್ಮ ಶ್ರೀಗಂಧದ ಎಣ್ಣೆಯಲ್ಲಿ ಮೊದಲನೆಯದು ಶೇಕಡ 41ರಿಂದ 55ರ ವರೆಗೂ ಎರಡನೆಯದು 16ರಿಂದ 24ರ ವರೆಗೂ ಇರತಕ್ಕದ್ದು. ಅದನ್ನು ಅಳೆಯುವ ಸಾಧನ ಗ್ಯಾಸ್ ಕ್ರೊಮಟೋಗ್ರಫಿಯೇ. ಈ ಎರಡಕ್ಕೂ ಅಣುಭಾರ 220, ಎರಡರಲ್ಲಿಯೂ ಪರಮಾಣುಗಳ ಎಣಿಕೆ ಒಂದೇ. ಇವುಗಳ ಬಂಧುಬಳಗವೂ ದೊಡ್ಡದು. ಹದಿನೈದು ಕಾರ್ಬನ್ನುಗಳ ಈ ಕುಲದಲ್ಲಿ ಒಂದರ ರೋಹಿತ ಇನ್ನೊಂದರದಂತೆಯೇ ತೋರುವುದು ಸಾಮಾನ್ಯ. ಗಣಕವು ಮೊದಲ ಸ್ಥಾನದಲ್ಲಿ ಕೊಟ್ಟ ಹೆಸರಿಗೂ ನಾಲ್ಕನೆಯ ಸ್ಥಾನದಲ್ಲಿ ಕೊಟ್ಟ ಹೆಸರಿಗೂ ಅಂಕಿಯಲ್ಲಿ ಅಲ್ಪವೇ ಅಂತರವಿರುತ್ತದೆ.

ಇಂಥ ಸಂಶಯಸ್ಥಳದಲ್ಲಿ ಎರಡನೆಯ ಸಾಕ್ಷಿಯನ್ನು ಕರೆಯಬೇಕು. 1958ರಲ್ಲಿ ಕೊವಾಟ್ಸ್ ಎಂಬ ವಿಜ್ಞಾನಿ ಅಂಥದೊಂದು ಸಾಕ್ಷಿಯನ್ನು ಒದಗಿಸಿದನು. ನೇರವಾದ ಕಾರ್ಬನ್ ಸರಣಿಯ ಆಲ್ಕೇನುಗಳನ್ನು ದಾರಿಯ ಮೈಲಿಗಲ್ಲುಗಳಂತೆ ನೆಟ್ಟು, ಹದಿನಾರು ಕಾರ್ಬನ್ನಿನದಕ್ಕೆ 1600, ಹದಿನೇಳರದಕ್ಕೆ 1700 ಎಂದು ಸಂಖ್ಯೆಯಿಟ್ಟು, ಮಿಕ್ಕ ವಸ್ತುಗಳು ಯಾವ ಎರಡು ಕಲ್ಲುಗಳ ನಡುವೆ ಹೊರಬರುತ್ತವೆಂದು ಗುರುತಿಸುವುದು ಆತನ ಕ್ರಮ. ರೂಢಿಯಲ್ಲಿರುವ ನಳಿಗೆಯಲ್ಲಿ ಆಲ್ಫಾ ಸ್ಯಾಂಟಲಾಲ್ 1600ಕ್ಕೂ 1700ಕ್ಕೂ ನಡುವೆಯೂ, ಬೀಟಾ ಸ್ಯಾಂಟಲಾಲ್ 1700ನ್ನು ಸ್ವಲ್ಪ ದಾಟಿಯೂ ಬರುತ್ತದೆ. ಚೂರುಗಳ ಸಾಕ್ಷ್ಯ ಒಂದು, ಕಾಲದ ಸಾಕ್ಷ್ಯ ಇನ್ನೊಂದು. ಪರಸ್ಪರ ಸ್ವತಂತ್ರವಾದ ಇವೆರಡೂ ಒಂದೇ ಹೆಸರನ್ನು ಹೇಳಿದಾಗ ನಮ್ಮ ನಂಬಿಕೆಗೆ ಆಧಾರ ಗಟ್ಟಿಯಾಗುತ್ತದೆ.

ಆದರೆ ಇನ್ನೂ ಆಳವಾದ ತೊಡಕೊಂದಿದೆ. ಲೈಬ್ರರಿಯನ್ನು ಪ್ರಶ್ನಿಸಿದವನಿಗೆ ಅದು ಯಾವಾಗಲೂ ಏನಾದರೊಂದು ಉತ್ತರವನ್ನು ಕೊಡುತ್ತದೆ. ತನ್ನಲ್ಲಿರುವುವುಗಳಲ್ಲಿ ಅತ್ಯಂತ ಹತ್ತಿರವಾದುದು ಯಾವುದೆಂದು ಹೇಳುವುದು ಅದರ ಕರ್ತವ್ಯ. ನೀನು ತಂದಿರುವ ವಸ್ತು ನನ್ನಲ್ಲಿ ಇಲ್ಲವೇ ಇಲ್ಲವೆಂದು ತಾನಾಗಿ ಹೇಳುವ ಶಕ್ತಿ ಅದಕ್ಕಿಲ್ಲ. ಮನುಷ್ಯನು ಈವರೆಗೆ ದಾಖಲಿಸಿರುವ ರಾಸಾಯನಿಕ ವಸ್ತುಗಳ ಸಂಖ್ಯೆ 20 ಕೋಟಿಯನ್ನು ಮೀರಿದೆ. ಅವೆಲ್ಲವೂ ಆವಿಯಾಗತಕ್ಕವಲ್ಲವೆಂದು ಎಷ್ಟೇ ಕಳೆದರೂ, ಮೂರು ಲಕ್ಷದ ನೆನಪು ಅದರ ಮುಂದೆ ಅಲ್ಪವೇ. ನೆನಪಿನ ಹೊರಗಿರುವ ವಸ್ತು ಎದುರಾದಾಗಲೂ ನೆನಪಿನ ಒಳಗಿನದೊಂದು ಹೆಸರೇ ಮೇಲೆ ಬರುತ್ತದೆ. ನಮ್ಮ ಮನಸ್ಸಿನ ಸ್ವಭಾವವೂ ಇದೇ ಅಲ್ಲವೇ? ಕಂಡರಿಯದ ಮನುಷ್ಯನನ್ನೂ ಕೇಳರಿಯದ ಮಾತನ್ನೂ ನಾವು ಹಳೆಯ ಹೆಸರುಗಳಲ್ಲಿ ಒಂದರೊಳಗೆ ಸೇರಿಸಿಬಿಟ್ಟು ತಿಳಿದೆವೆಂದು ತೃಪ್ತರಾಗುತ್ತೇವೆ. ನೈಯಾಯಿಕರು ಭ್ರಮೆಯನ್ನು ಅನ್ಯಥಾಖ್ಯಾತಿಯೆಂದು ವಿವರಿಸುವಾಗ ಹೇಳುವುದೂ ಇದನ್ನೇ: ಬೇರೆಲ್ಲಿಯೋ ಕಂಡ ಬೆಳ್ಳಿಯ ನೆನಪನ್ನು ಕಣ್ಣೆದುರಿನ ಚಿಪ್ಪಿನ ಮೇಲೆ ಹೊರಿಸುವುದೇ ಭ್ರಾಂತಿ.

ಈ ಭ್ರಾಂತಿ ಚಿಪ್ಪಿನ ಹೊಳಪಿನಲ್ಲಿ ಮುಗಿಯದೆ ಮನುಷ್ಯನ ಪ್ರಾಣದವರೆಗೂ ಹೋಗಬಲ್ಲದೆಂಬುದಕ್ಕೆ ಅಮೆರಿಕದ ಮಿಸ್ಸೂರಿ ಪ್ರಾಂತದಲ್ಲಿ ನಡೆದ ಒಂದು ವೃತ್ತಾಂತ ಸಾಕ್ಷಿ. 1989ರಲ್ಲಿ ಅಲ್ಲಿ ಒಂದು ಹಸುಗೂಸು ತೀವ್ರವಾದ ಅಸ್ವಸ್ಥತೆಯಿಂದ ತೀರಿಕೊಂಡಿತು. ಅದರ ರಕ್ತವನ್ನು ಗ್ಯಾಸ್ ಕ್ರೊಮಟೋಗ್ರಫಿಯಿಂದ ಪರೀಕ್ಷಿಸಿದವರು ಎಥಿಲೀನ್ ಗ್ಲೈಕಾಲ್ ಎಂಬ ವಿಷ ಅದರಲ್ಲಿದೆಯೆಂದು ವರದಿ ಬರೆದರು. ಮೋಟಾರು ವಾಹನಗಳ ಎಂಜಿನ್ ಹೆಪ್ಪುಗಟ್ಟದಂತೆ ಹಾಕುವ ದ್ರವ ಅದು. ತಾಯಿಯೇ ವಿಷವುಣಿಸಿದಳೆಂದು ಆರೋಪ ಬಂದು, 1991ರ ಆರಂಭದಲ್ಲಿ ಆಕೆಗೆ ಆಜೀವ ಸೆರೆವಾಸದ ಶಿಕ್ಷೆಯಾಯಿತು. ಈ ನಡುವೆ ಸೆರೆಯಲ್ಲಿದ್ದಾಗಲೇ ಆಕೆಗೆ ಎರಡನೆಯ ಮಗು ಹುಟ್ಟಿತ್ತು. ತಾಯಿಯ ಕೈಗೇ ಸಿಗದ ಆ ಮಗುವಿನಲ್ಲಿಯೂ ಅದೇ ಬಗೆಯ ಕಾಯಿಲೆ ಕಾಣಿಸಿಕೊಂಡಾಗ, ಅದು ಮಿಥೈಲ್‌ಮಲೋನಿಕ್ ಅಸಿಡೀಮಿಯವೆಂಬ ಹುಟ್ಟುರೋಗವೆಂದು ವೈದ್ಯರು ಗುರುತಿಸಿದರು. ಸೇಂಟ್ ಲೂಯಿ ವಿಶ್ವವಿದ್ಯಾನಿಲಯದ ಸ್ಲೈ ಮತ್ತು ಶೂಮೇಕರ್, ಯೇಲ್ ವಿಶ್ವವಿದ್ಯಾನಿಲಯದ ರಿನಾಲ್ಡೊ ಇವರು ಸತ್ತ ಮಗುವಿನ ರಕ್ತದ ಮಾದರಿಯನ್ನೂ ಹಿಂದಿನ ದಾಖಲೆಗಳನ್ನೂ ಹೊಸದಾಗಿ ಪರಿಶೀಲಿಸಿದಾಗ, ಗ್ಲೈಕಾಲೆಂದು ಬರೆದಿದ್ದ ಶಿಖರವು ಆ ರೋಗದಲ್ಲಿ ದೇಹದೊಳಗೆ ತಾನಾಗಿಯೇ ಸಂಚಯವಾಗುವ ಪ್ರೊಪಿಯಾನಿಕ್ ಆಮ್ಲದ್ದೆಂದು ಸ್ಪಷ್ಟವಾಯಿತು. ಶೂಮೇಕರ್ ಅವರು ಪ್ರೊಪಿಯಾನಿಕ್ ಆಮ್ಲವನ್ನು ಬೆರೆಸಿದ ರಕ್ತವನ್ನು ಬೇರೆಬೇರೆ ಪ್ರಯೋಗಾಲಯಗಳಿಗೆ ಕಳುಹಿಸಿ ನೋಡಿದಾಗ, ಅವುಗಳಲ್ಲಿ ಕೆಲವು ಅದನ್ನು ಎಥಿಲೀನ್ ಗ್ಲೈಕಾಲೆಂದೇ ತಪ್ಪಾಗಿ ಹೇಳಿದವು. ಅದೇ ವರ್ಷ ಆ ತಾಯಿಯ ಮೇಲಿನ ಆರೋಪ ರದ್ದಾಯಿತು. ಮಗುವನ್ನು ಕಳೆದುಕೊಂಡ ಒಬ್ಬ ತಾಯಿಯನ್ನು ಮಗುಘಾತಿನಿಯನ್ನಾಗಿ ಮಾಡಿದ್ದು ಕಾಗದದ ಮೇಲಿನ ಎರಡು ಗೆರೆಗಳ ಸಾಮೀಪ್ಯ.

ಶ್ರೀರಾಮಾನುಜರ ಮತದಲ್ಲಿ ಚಿಪ್ಪಿನಲ್ಲಿ ಬೆಳ್ಳಿ ತೋರುವುದು ಶುದ್ಧ ಶೂನ್ಯದಿಂದಲ್ಲ. ಚಿಪ್ಪಿನಲ್ಲಿಯೂ ಬೆಳ್ಳಿಯ ಅಂಶ ಅಲ್ಪವಾಗಿ ಇದ್ದೇ ಇರುವುದರಿಂದಲೇ ಆ ಸಾದೃಶ್ಯ ಹುಟ್ಟುತ್ತದೆ, ಅಧಿಕವಾದ ಚಿಪ್ಪಿನಂಶವನ್ನು ಕಡೆಗಣಿಸಿದ್ದು ಭ್ರಾಂತಿಯ ಮೂಲ. ಗಣಕದ ಅಂಕಿಗೆ ಈ ವಿವರಣೆ ಚೆನ್ನಾಗಿ ಒಪ್ಪುತ್ತದೆ. ಆ ಅಂಕಿ ಸುಳ್ಳನ್ನು ಹೇಳುವುದಿಲ್ಲ. ಎರಡು ವಸ್ತುಗಳಲ್ಲಿ ಸಮಾನವಾದ ಅಂಶ ಇಷ್ಟಿದೆಯೆಂದು ಯಥಾರ್ಥವನ್ನೇ ಹೇಳುತ್ತದೆ. ಸಮಾನಾಂಶವನ್ನು ಕಂಡು ಅಸಮಾನಾಂಶವನ್ನು ವಿಚಾರಿಸದೆ ಹೆಸರನ್ನು ಬರೆದುಬಿಡುವ ಅವಸರ ಓದುವವನದು. ಆದುದರಿಂದ ತಪ್ಪಿನ ಹೊಣೆಯನ್ನು ಯಂತ್ರದ ಮೇಲೆ ಹೊರಿಸುವುದು ಯಂತ್ರಕ್ಕೂ ನ್ಯಾಯವಲ್ಲ, ಸತ್ಯಕ್ಕೂ ನ್ಯಾಯವಲ್ಲ.

ಹಾಗಾದರೆ ಒಂದು ಜ್ಞಾನವು ಪ್ರಮಾಣವೆಂದು ನಮಗೆ ಗೊತ್ತಾಗುವುದು ಹೇಗೆ? ಈ ವಿಷಯದಲ್ಲಿ ನೈಯಾಯಿಕರದು ಪರತಃಪ್ರಾಮಾಣ್ಯವಾದ: ನೀರೆಂದು ತೋರಿದ್ದು ನೀರೇ ಎಂಬುದು, ಹತ್ತಿರ ಹೋಗಿ ಕುಡಿದಾಗ ಬಾಯಾರಿಕೆ ಹಿಂಗಿದುದರಿಂದ, ಅಂದರೆ ಹೊರಗಿನ ಸಫಲವಾದ ಪ್ರವೃತ್ತಿಯಿಂದ ಸಿದ್ಧವಾಗತಕ್ಕದ್ದು. ದ್ವೈತಿಗಳು ಇದನ್ನು ಒಪ್ಪುವುದಿಲ್ಲ. ಮೈಸೂರು ರಸ್ತೆಯ ಗಾಳಿ ಆಂಜನೇಯನನ್ನು ಪ್ರತಿಷ್ಠಾಪಿಸಿದರೆಂದು ಪ್ರತೀತಿಯಿರುವ ವ್ಯಾಸರಾಯರು, ಬನ್ನೂರಿನಲ್ಲಿ ಹುಟ್ಟಿ ಮುಳುಬಾಗಿಲಿನ ಶ್ರೀಪಾದರಾಯರಲ್ಲಿ ವ್ಯಾಸಂಗ ಮಾಡಿದ ಆ ಮಹಾತಾರ್ಕಿಕರು, ತಮ್ಮ ‘ತರ್ಕತಾಂಡವ’ದಲ್ಲಿ, ಪ್ರಾಮಾಣ್ಯದ ಅರಿವಿಗೆ ಹೊರಗಿನ ಆಧಾರ ಬೇಡವೆಂಬ ಸ್ವತಃಪ್ರಾಮಾಣ್ಯವನ್ನು ಪ್ರಬಲವಾಗಿ ಸಮರ್ಥಿಸಿದರು. ಒಂದು ಜ್ಞಾನಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಆಧಾರ ಬೇಕೆಂದರೆ ಆ ಸರಣಿಗೆ ಕೊನೆಯೆಲ್ಲಿ ಎಂಬುದು ಅವರ ಪಕ್ಷದ ಆಕ್ಷೇಪ. ಕೊನೆಗೆ ಅದು ವಿಶ್ರಮಿಸತಕ್ಕದ್ದು ಸಾಕ್ಷಿಯಲ್ಲಿ, ಎಂದರೆ ಆತ್ಮನ ಸ್ವರೂಪವೇ ಆದ ಇಂದ್ರಿಯದಲ್ಲಿ. ಆದರೆ ಗಮನಿಸಬೇಕಾದ ಅಂಶವೊಂದಿದೆ: ಸಂಶಯವು ಉದಿಸಿದೆಡೆಯಲ್ಲಿ ಪರೀಕ್ಷೆಯಿಂದ ಆ ಸಂಶಯವನ್ನು ತೊಡೆದಮೇಲೆಯೇ ಸಾಕ್ಷಿ ಸಮ್ಮತಿಸುತ್ತದೆಂದು ಅವರೂ ಒಪ್ಪುತ್ತಾರೆ. ಎರಡು ಮತಗಳಿಗೂ ಇರುವ ವಿರೋಧ ಗಾಢವಾದುದಾದರೂ, ಸಂಶಯದ ಮುಂದೆ ಪರೀಕ್ಷೆಯೇ ಕರ್ತವ್ಯವೆಂಬಲ್ಲಿ ಇಬ್ಬರೂ ಕೂಡುತ್ತಾರೆ. ಇದು ನಮ್ಮ ಪರಂಪರೆಯ ಅಮೂಲ್ಯವಾದ ಸಹಮತವೆಂದು ನಾನು ಎಣಿಸುತ್ತೇನೆ.

ಪ್ರಯೋಗಾಲಯದಲ್ಲಿ ಈ ಪರೀಕ್ಷೆಗೆ ಒಂದು ನಿರ್ದಿಷ್ಟವಾದ ರೂಪವಿದೆ. ಹೆಸರಿಸಿದ ವಸ್ತುವನ್ನು ಶುದ್ಧರೂಪದಲ್ಲಿ ತರಿಸಿ, ಸ್ಟ್ಯಾಂಡರ್ಡ್ ಎಂದು ಕರೆಯಲ್ಪಡುವ ಆ ಮಾದರಿಯನ್ನು ಅದೇ ನಳಿಗೆಯಲ್ಲಿ, ಅದೇ ಉಷ್ಣತೆಯಲ್ಲಿ, ಅದೇ ಕೈಯಿಂದ ಹಾಯಿಸಿ, ಅದು ಅದೇ ಕಾಲಕ್ಕೆ ಹೊರಬಂದು ಅದೇ ಚೂರುಗಳಾಗಿ ಒಡೆಯುತ್ತದೆಯೇ ಎಂದು ನೋಡುವುದು. ಅಂದರೆ ವನವಾಸಿಯ ಮಾತಿಗೆ ನಿಲ್ಲದೆ ಗವಯವನ್ನೇ ಕಾಡಿನಿಂದ ಕರೆತಂದು ಪಕ್ಕದಲ್ಲಿ ನಿಲ್ಲಿಸುವುದು. 2007ರಲ್ಲಿ ಜೀವದ್ರವ್ಯಗಳ ವಿಶ್ಲೇಷಕರು ಕೂಡಿ ತಮ್ಮ ನಿರ್ಣಯಗಳಿಗೆ ನಾಲ್ಕು ಅಂತಸ್ತುಗಳನ್ನು ಗೊತ್ತುಮಾಡಿದರು. ಶುದ್ಧ ಮಾದರಿಯೊಡನೆ ಎರಡು ಸ್ವತಂತ್ರ ಗುಣಗಳಲ್ಲಿ ಹೋಲಿಸಿ ಸಿದ್ಧವಾದುದು ಮೊದಲನೆಯದು, ಲೈಬ್ರರಿಯ ಹೋಲಿಕೆಯಿಂದ ಮಾತ್ರ ಹೆಸರು ಪಡೆದುದು ಎರಡನೆಯದು, ಯಾವ ಕುಲಕ್ಕೆ ಸೇರಿದ್ದೆಂದು ಮಾತ್ರ ಹೇಳಬಹುದಾದುದು ಮೂರನೆಯದು, ಅಜ್ಞಾತವೆಂಬುದು ನಾಲ್ಕನೆಯದು. ಗಣಕವು ಎಷ್ಟೇ ಎತ್ತರದ ಅಂಕಿಯನ್ನು ಕೊಟ್ಟರೂ ಅದೊಂದರಿಂದಲೇ ಎರಡನೆಯ ಅಂತಸ್ತಿನಿಂದ ಮೊದಲನೆಯದಕ್ಕೆ ಏರಲಾಗುವುದಿಲ್ಲ. ನನಗೆ ಈ ನಾಲ್ಕನೆಯ ಅಂತಸ್ತಿನ ಮೇಲೆ ವಿಶೇಷವಾದ ಆದರ. ಅಜ್ಞಾತವೆಂದು ಬರೆಯುವುದಕ್ಕೆ ಒಂದು ಅಧಿಕೃತವಾದ ಸ್ಥಾನವನ್ನು ಕಲ್ಪಿಸಿದ ಶಾಸ್ತ್ರವು ತನ್ನ ಪ್ರಾಮಾಣಿಕತೆಯನ್ನು ಕಾಪಾಡಿಕೊಳ್ಳುವ ದಾರಿಯನ್ನು ಕಂಡುಕೊಂಡಿದೆ. ಬ್ರಹ್ಮವನ್ನು ಕುರಿತು ನೇತಿ ನೇತಿಯೆಂದು ಹಿಂದೆ ಸರಿದ ಋಷಿಗಳ ವಿನಯವೂ ಪ್ರತಿಯೊಂದು ಹೇಳಿಕೆಗೂ ಅದರ ದೃಷ್ಟಿಕೋನದ ಮಿತಿಯನ್ನು ಸೇರಿಸಿ ಹೇಳಬೇಕೆಂದ ಜೈನಾಚಾರ್ಯರ ಎಚ್ಚರವೂ ಈ ದಾರಿಗೆ ದೂರವಾದುವಲ್ಲ.

ಇಷ್ಟು ಹೇಳಿದಮೇಲೆ ಇನ್ನೊಂದು ಕಡೆಯ ಅಪಾಯವನ್ನೂ ಹೇಳಬೇಕಾಗಿದೆ. ಸಂಶಯವು ಪರೀಕ್ಷೆಗೆ ಪ್ರೇರಕವಾದಾಗ ಧರ್ಮ. ಪರೀಕ್ಷಿಸದಿರುವುದಕ್ಕೆ ನೆಪವಾದಾಗ ಅಧರ್ಮ. ವೃಷಭಾವತಿಯ ನೀರಿನಲ್ಲಿ ಏನಿದೆಯೆಂದು ಖಚಿತವಾಗಿ ಹೇಳಬರುವುದಿಲ್ಲವೆಂದು ಸುಮ್ಮನಿರುವುದು ನಾಲ್ಕನೆಯ ಅಂತಸ್ತಿನ ವಿನಯವಾಗಲಾರದು. ಆ ನೀರು ಬೈರಮಂಗಲದ ಕೆಳಗಿನ ಹೊಲಗಳಿಗೆ ಹಾಯುತ್ತದೆ, ಬೆಳೆಯ ಮೂಲಕ ನಮ್ಮ ಅಡಿಗೆಮನೆಗೆ ಹಿಂದಿರುಗುತ್ತದೆ. ಅಜ್ಞಾತವೆಂದು ಬರೆದ ಪ್ರತಿಯೊಂದು ಶಿಖರವೂ ಮುಂದೆ ಅರಿಯಬೇಕಾದ ಒಂದು ಋಣ. ಅದನ್ನು ಬರೆದು ಮರೆಯುವುದಕ್ಕೂ ತಪ್ಪು ಹೆಸರನ್ನು ಕೊಡುವುದಕ್ಕೂ ಪಾಪದಲ್ಲಿ ಹೆಚ್ಚಿನ ತಾರತಮ್ಯವಿಲ್ಲ.

ಹೆಸರು ದೊರೆತಮೇಲೂ ವಿವೇಕದ ಕೆಲಸ ಮುಗಿಯುವುದಿಲ್ಲ. ಕೊಳಚೆಯ ದುರ್ಗಂಧಕ್ಕೆ ಕಾರಣವಾದ ವಸ್ತುಗಳಲ್ಲಿ ಇಂಡೋಲ್ ಎಂಬುದೊಂದಿದೆ. ದೇವಿಗೆ ಮುಡಿಸುವ ಮಲ್ಲಿಗೆಯ ಪರಿಮಳದಲ್ಲಿಯೂ ಅದೇ ಇಂಡೋಲ್ ಸ್ವಲ್ಪಮಟ್ಟಿಗೆ ಇದೆ. ಎರಡೂ ಕಡೆಯ ಅಣುಗಳಿಗೆ ಒಂದೇ ತೂಕ, ಒಂದೇ ರೋಹಿತ, ಒಂದೇ ಕಾಲ. ಗಣಕದ ದೃಷ್ಟಿಗೆ ಯಾವ ಭೇದವೂ ಇಲ್ಲ, ಇರಲೂ ಕೂಡದು. ಆದರೆ ಒಂದು ಪೂಜೆಗೆ ಯೋಗ್ಯ, ಇನ್ನೊಂದು ಮೂಗು ಮುಚ್ಚಿಕೊಳ್ಳತಕ್ಕದ್ದು. ಯಾವ ಪ್ರಮಾಣದಲ್ಲಿ, ಯಾವುದರ ಸಂಗದಲ್ಲಿ, ಯಾವ ಪ್ರಯೋಜನಕ್ಕಾಗಿ ಎಂಬುದನ್ನು ವಿಚಾರಿಸದೆ ದ್ರವ್ಯದ ಹೆಸರೊಂದರಿಂದಲೇ ಅದರ ಶುಭಾಶುಭವನ್ನು ಹೇಳಲು ಬಾರದು. ವಸ್ತುವಿನ ನಿಶ್ಚಯ ಶಾಸ್ತ್ರಕ್ಕೆ ಸೇರಿದ್ದು. ಅದನ್ನು ಹೇಗೆ ಕಾಣಬೇಕೆಂಬ ನಿರ್ಣಯ ಧರ್ಮಕ್ಕೆ ಸೇರಿದ್ದು. ಮೊದಲನೆಯದು ಸಡಿಲವಾದರೆ ಎರಡನೆಯದಕ್ಕೆ ನೆಲೆಯೇ ಇರುವುದಿಲ್ಲ.

ಜ್ಞಾನಭಾರತಿಯ ಪ್ರಯೋಗಶಾಲೆಗಳಲ್ಲಿ ರಸಾಯನಶಾಸ್ತ್ರವನ್ನು ಕಲಿಯುತ್ತಿರುವ ತರುಣರಿಗೆ ನನ್ನ ವಿಜ್ಞಾಪನೆ ಇಷ್ಟು: ಗಣಕವು ತೋರಿಸುವ ಅಂಕಿಯನ್ನು ಗೌರವಿಸಿರಿ, ಆದರೆ ಅದರ ಪಕ್ಕದಲ್ಲಿ ನಿಮ್ಮ ತಿಳಿವು ಯಾವ ಅಂತಸ್ತಿನದೆಂಬುದನ್ನು ಬರೆಯದೆ ಯಾವ ಹೆಸರಿಗೂ ಸಹಿಹಾಕಬೇಡಿರಿ. ಶಾಸ್ತ್ರವನ್ನು ಓದದ ನನ್ನಂಥ ಸಾಮಾನ್ಯರಿಗೂ ಇದರಲ್ಲಿ ಪಾಲುಂಟು. ಕುಡಿಯುವ ನೀರಿನದಾಗಲಿ, ದೇವರ ಮುಂದಿಡುವ ಗಂಧದೆಣ್ಣೆಯದಾಗಲಿ, ಮಗುವಿನ ರಕ್ತದ್ದಾಗಲಿ, ಒಂದು ವರದಿ ಕೈಗೆ ಬಂದಾಗ ನಾವು ಕೇಳತಕ್ಕ ಪ್ರಶ್ನೆ ಒಂದೇ: ಇದು ಹೋಲಿಕೆಯಿಂದ ಹೇಳಿದ್ದೋ, ಶುದ್ಧ ಮಾದರಿಯನ್ನು ಪಕ್ಕದಲ್ಲಿಟ್ಟು ನೋಡಿ ಹೇಳಿದ್ದೋ? ಉತ್ತರವು ಮೊದಲನೆಯದಾದರೆ, ಪರೀಕ್ಷೆ ಇನ್ನೂ ಮುಗಿದಿಲ್ಲ.